ಯಾವಾಗ ಅಂತ ಮೊದಲು ಕೇಳಿ: ಫ್ಯಾಮಿಲಿ ಎಸ್‌ಯುವಿಯ ದೂರುಗಳು, ಅವುಗಳ ಮೂಲ ಹುಡುಕುವ ಬಗೆ

"ಅಣ್ಣಾ, ಗಾಡಿ ಏಸಿ ಹೋಗೈತೆ. ಎರಡು ಸಲ ಗ್ಯಾಸ್ ತುಂಬಿಸಿದೆ. ಈಗ ಕಂಪ್ರೆಸರೇ ಬದಲಿಸ್ಬೇಕಂತೆ."

ಏಪ್ರಿಲ್ ಮಧ್ಯಾಹ್ನ. ಭರಮಸಾಗರದ ಕಡೆಯ ಮೇಷ್ಟ್ರೊಬ್ಬರು ಬೆವರು ಒರೆಸಿಕೊಳ್ಳುತ್ತಾ ಗಾಡಿಯಿಂದ ಇಳಿದರು. ಬೇರೊಂದು ಕಡೆ ಅವರಿಗೆ ಹೇಳಿದ್ದ ರೇಟು ಮೂವತ್ತು ಸಾವಿರದ ಹತ್ತಿರ. ನಾನು ಬಾನೆಟ್ ಎತ್ತಲಿಲ್ಲ. "ಯಾವಾಗ ತಣ್ಣಗಾಗಲ್ಲ ಸಾರ್?" ಅಂತ ಕೇಳಿದೆ. "ಯಾವಾಗ್ಲೂ" ಅಂದರು. ಆಮೇಲೆ ಸ್ವಲ್ಪ ಯೋಚಿಸಿ, "ಹೈವೇನಲ್ಲಿ ಪರವಾಗಿಲ್ಲ. ದಾವಣಗೆರೆ ಒಳಗೆ ಬಂದು ಸಿಗ್ನಲ್‌ನಲ್ಲಿ ನಿಂತ್ರೆ ಬಿಸಿಗಾಳಿ" ಅಂದರು. ಅಲ್ಲಿಗೆ ಅರ್ಧ ಕೆಲಸ ಮುಗಿಯಿತು.

ಓಡುವಾಗ ತಣ್ಣಗಿದ್ದರೆ ಕಂಪ್ರೆಸರ್ ಕೆಲಸ ಮಾಡುತ್ತಿದೆ ಅಂತಲೇ ಅರ್ಥ. ನಿಂತಾಗ ಮಾತ್ರ ಬಿಸಿಯಾದರೆ ಸಾಮಾನ್ಯವಾಗಿ ಮುಂದಿನ ಕಂಡೆನ್ಸರಿಗೆ, ಅಂದರೆ ಗ್ಯಾಸಿನ ಬಿಸಿ ಹೊರಗೆ ಬಿಡುವ ಜಾಲರಿಗೆ, ಗಾಳಿ ಸಾಲುತ್ತಿಲ್ಲ. ಹೈವೇಯಲ್ಲಿ ಎದುರು ಗಾಳಿ ತಾನಾಗಿಯೇ ನುಗ್ಗುತ್ತದೆ, ಸಿಗ್ನಲ್‌ನಲ್ಲಿ ಫ್ಯಾನೇ ಗತಿ. ಏಸಿ ಆನ್ ಮಾಡಿ ಫ್ಯಾನ್ ನೋಡಿದೆ, ತಿರುಗುತ್ತಿತ್ತು. ಗ್ರಿಲ್ ಬಿಚ್ಚಿ, ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದಿಗೆ ಟಾರ್ಚ್ ಬಿಟ್ಟೆ. ಈ ಕಡೆ ಬಿಟ್ಟ ಬೆಳಕು ಆ ಕಡೆ ಬರಲೇ ಇಲ್ಲ. ಮೆಕ್ಕೆಜೋಳದ ಹೊಟ್ಟು, ಧೂಳು, ಸತ್ತ ಹುಳ, ಮಳೆಗಾಲದ ಕೆಸರು ಎಲ್ಲ ಸೇರಿ ಕಂಬಳಿ ಹೊದಿಸಿದ ಹಾಗೆ ಕೂತಿತ್ತು. ಸುಗ್ಗಿಯಲ್ಲಿ ರಸ್ತೆ ಬದಿಯ ಒಕ್ಕಣೆ ಮಿಷನ್‌ಗಳ ಪಕ್ಕ ದಿನಾ ಓಡಾಡುವ ಗಾಡಿ ಅದು. ಬೇರೆ ಇನ್ನೇನು ಆಗುತ್ತೆ ಹೇಳಿ.

ಬಿಚ್ಚಿ ತೊಳೆದೆವು. ಸಂಜೆ ಅಶೋಕ ರಸ್ತೆಯಲ್ಲಿ ಟ್ರಾಫಿಕ್ಕಿನ ನಡುವೆ ನಿಂತರೂ ಒಳಗೆ ತಣ್ಣಗಿತ್ತು. ಹೊಸ ಪಾರ್ಟು ಒಂದೂ ಹಾಕಲಿಲ್ಲ.

ನಾನು ದಾವಣಗೆರೆಯಲ್ಲಿ ಕಾರುಗಳ ಏಸಿ, ವೈರಿಂಗ್ ಕೆಲಸ ಮಾಡುವವನು. ನನ್ನ ಮುಂದೆ ಈಗ ನಿಲ್ಲುವ ಗಾಡಿಗಳಲ್ಲಿ ಕ್ರೆಟಾ, ಸೆಲ್ಟೋಸ್, ಗ್ರ್ಯಾಂಡ್ ವಿಟಾರಾ ಥರದವೇ ಜಾಸ್ತಿ. ನೋಡೋಕೆ ಜೀಪು, ಅಡಿಗೆ ಹೋಗಿ ನೋಡಿದರೆ ಕಾರು. ಲಾರಿಗಿರುವಂಥ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಹಾಗಾಗಿ ಕಂಪನಿ ಯಾವುದೇ ಇರಲಿ, ದೂರುಗಳೆಲ್ಲ ಕಾರಿನವೇ. ಜೊತೆಗೆ ಸೆನ್ಸಾರು, ಸ್ಕ್ರೀನು, ಸನ್‌ರೂಫಿನ ಕಾಟ ಬೇರೆ. ಮನೆಯಲ್ಲೇ ಎಷ್ಟು ಪತ್ತೆ ಹಚ್ಚಬಹುದು, ಎಲ್ಲಿ ಕೈ ಹಾಕಬಾರದು ಅನ್ನೋದನ್ನ ಇಲ್ಲಿ ಬರೆದಿದ್ದೇನೆ.

ಏಸಿ: ಗ್ಯಾಸ್ ಖರ್ಚಾಗುವ ವಸ್ತು ಅಲ್ಲ

ಏಸಿ ಗ್ಯಾಸ್ ಪೆಟ್ರೋಲಿನ ಹಾಗೆ ಉರಿದು ಹೋಗುವುದಿಲ್ಲ. ಒಳಗೇ ಸುತ್ತುತ್ತಿರುತ್ತದೆ. ಕಮ್ಮಿಯಾಗಿದೆ ಅಂದರೆ ಎಲ್ಲೋ ಲೀಕ್ ಇದೆ. ಲೀಕ್ ಹುಡುಕದೆ ತುಂಬಿಸಿದರೆ ಆ ದುಡ್ಡು ಗಾಳಿಗೆ. ಪೈಪಿನ ಜಾಯಿಂಟಿನಲ್ಲಿ ಎಣ್ಣೆ ಜಿಡ್ಡು ಕಂಡರೆ ಅಲ್ಲೇ ಅನುಮಾನ ಪಡಿ, ಗ್ಯಾಸಿನ ಜೊತೆ ಕಂಪ್ರೆಸರ್ ಎಣ್ಣೆಯೂ ಹೊರಬರುತ್ತದೆ. ಇನ್ನೊಂದು ವಿಷಯ: ಗ್ಯಾಸ್ ಎಷ್ಟು ಗ್ರಾಂ ಬೇಕು, ಯಾವ ಜಾತಿ ಅನ್ನೋದು ಬಾನೆಟ್ ಕೆಳಗಿನ ಸ್ಟಿಕರ್ ಮೇಲೇ ಇರುತ್ತದೆ. ಅಂದಾಜಿಗೆ ಜಾಸ್ತಿ ತುಂಬಿದರೂ ಕೂಲಿಂಗ್ ಬೀಳುತ್ತದೆ. ತೂಕ ಮಾಡಿ ತುಂಬುವ ಮಿಷನ್ ಇದೆಯಾ ಅಂತ ಮೊದಲೇ ಕೇಳಿ, ನಾಚಿಕೆ ಬೇಡ.

ಗಾಳಿ ತಣ್ಣಗಿದೆ, ಆದರೆ ಜೋರಾಗಿ ಬರುತ್ತಿಲ್ಲ ಅನ್ನುವವರು ಗ್ಲೋವ್ ಬಾಕ್ಸ್ ಹಿಂದಿನ ಕ್ಯಾಬಿನ್ ಫಿಲ್ಟರ್ ಎಳೆದು ನೋಡಿ. ಬಹಳಷ್ಟು ಗಾಡಿಗಳಲ್ಲಿ ಇದಕ್ಕೆ ಸ್ಕ್ರೂಡ್ರೈವರ್ ಕೂಡ ಬೇಡ. ಮಂಡಕ್ಕಿ ಭಟ್ಟಿ ಕಡೆಯಿಂದ ಬರುವ ಗಾಡಿಗಳಲ್ಲಿ ಈ ಫಿಲ್ಟರ್ ಮಸಿ ಅರಿವೆಯ ಹಾಗಿರುತ್ತದೆ. ಪುಸ್ತಕದಲ್ಲಿ ಹತ್ತು ಸಾವಿರ ಕಿಲೋಮೀಟರ್ ಅಂತ ಬರೆದಿದ್ದರೂ ನಮ್ಮ ಧೂಳಿಗೆ ನಾಲ್ಕೈದು ತಿಂಗಳಿಗೊಮ್ಮೆ ನೋಡುವುದು ಒಳ್ಳೆಯದು.

ಹೊರಟಾಗ ಚೆನ್ನಾಗಿತ್ತು, ಎರಡು ಗಂಟೆ ಓಡಿಸಿದ ಮೇಲೆ ಗಾಳಿ ಬರುವುದೇ ನಿಂತಿತು, ಹತ್ತು ನಿಮಿಷ ಏಸಿ ಆಫ್ ಮಾಡಿ ಬ್ಲೋವರ್ ಮಾತ್ರ ಬಿಟ್ಟರೆ ಸರಿಹೋಯಿತು ಅಂತೀರಾ? ಒಳಗಿನ ಕೂಲಿಂಗ್ ಕಾಯಿಲ್ ಮೇಲೆ ಐಸ್ ಕಟ್ಟುತ್ತಿದೆ. ಅದರ ಟೆಂಪರೇಚರ್ ಸೆನ್ಸಾರ್ ನೋಡಿಸಿ. ಎಡಗಡೆ ಕಾಲಡಿ ಮ್ಯಾಟ್ ಒದ್ದೆಯಾದರೆ ಏಸಿ ನೀರು ಹೊರಗೆ ಹೋಗುವ ಪೈಪು ಕಟ್ಟಿದೆ. ಗಾಡಿ ಕೆಳಗೆ ನೀರು ತೊಟ್ಟಿಕ್ಕುವುದು ಮಾತ್ರ ದೋಷ ಅಲ್ಲ. ಅದು ತೊಟ್ಟಿಕ್ಕದಿದ್ದರೇ ಯೋಚನೆ ಮಾಡಬೇಕು.

ಕಂಡೆನ್ಸರ್ ತೊಳೆಯುವಾಗ ವಾಟರ್ ವಾಶಿನ ಪ್ರೆಶರ್ ಗನ್ ಹತ್ತಿರ ಹಿಡಿಯಬೇಡಿ. ರೆಕ್ಕೆಗಳು ತೆಳ್ಳಗಿನ ಅಲ್ಯೂಮಿನಿಯಂ, ಮಡಚಿಕೊಂಡರೆ ಇದ್ದ ದಾರಿಯೂ ಮುಚ್ಚುತ್ತದೆ. ತೋಟದ ಪೈಪಿನ ನೀರು ಸಾಕು. ಆದಷ್ಟು ಹಿಂದಿನಿಂದ ಮುಂದಕ್ಕೆ ಬಿಡಿ, ಕಸ ಬಂದ ದಾರಿಯಲ್ಲೇ ಹೋಗಲಿ.

ಸೆಲ್ಫ್ ಹೊಡೆಯುತ್ತಿಲ್ಲ

"ಸ್ಟಾರ್ಟ್ ಆಗ್ತಿಲ್ಲ" ಅಂತ ಫೋನ್ ಬಂದರೆ ಏನು ಸದ್ದು ಬರುತ್ತೆ ಅಂತ ಕೇಳುತ್ತೇನೆ. ಟಿಕ್‌ಟಿಕ್‌ಟಿಕ್ ಅಂತ ಒಂದೇ ಸಮನೆ ಬಂದರೆ ಬ್ಯಾಟರಿ ಇಳಿದಿದೆ, ಇಲ್ಲವೇ ಟರ್ಮಿನಲ್ ಸಡಿಲ. ಒಂದೇ ಒಂದು ಸಲ ಟಕ್ ಅಂದು ಸುಮ್ಮನಾದರೆ, ಹೆಡ್‌ಲೈಟ್ ಚೆನ್ನಾಗಿ ಉರಿಯುತ್ತಿದ್ದರೆ, ಸ್ಟಾರ್ಟರ್ ಮೋಟರ್ ಕಡೆ ನೋಡಬೇಕು. ಎಂಜಿನ್ ಚೆನ್ನಾಗಿ ತಿರುಗುತ್ತದೆ, ಆದರೆ ಹತ್ತಿಕೊಳ್ಳುವುದಿಲ್ಲ ಅಂದರೆ ಬ್ಯಾಟರಿಯನ್ನು ಬಿಟ್ಟುಬಿಡಿ. ಅದು ಇಂಧನದ್ದೋ ಸೆನ್ಸಾರಿನದ್ದೋ ತಕರಾರು.

ಸದ್ದೇ ಇಲ್ಲ, ಬಟನ್ ಒತ್ತಿದರೆ ಡಿಸ್‌ಪ್ಲೇ ಮಾತ್ರ ಹತ್ತುತ್ತದೆ ಅನ್ನುವುದು ಪುಶ್ ಬಟನ್ ಗಾಡಿಗಳ ಮಾಮೂಲಿ ಕತೆ. ಯಾರನ್ನಾದರೂ ಹಿಂದೆ ನಿಲ್ಲಿಸಿ ಬ್ರೇಕ್ ತುಳಿಯಿರಿ. ಬ್ರೇಕ್ ಲೈಟ್ ಹತ್ತದಿದ್ದರೆ ಪೆಡಲಿನ ಬ್ರೇಕ್ ಸ್ವಿಚ್ ಕೈಕೊಟ್ಟಿದೆ. ನೀವು ಬ್ರೇಕ್ ತುಳಿದಿದ್ದೀರಿ ಅಂತ ಗಾಡಿಗೆ ಗೊತ್ತೇ ಆಗುತ್ತಿಲ್ಲ. ಲೈಟ್ ಹತ್ತಿದರೆ, ಕೀಯನ್ನು ಬಟನ್ನಿಗೆ ತಾಗಿಸಿ ಒತ್ತಿ ನೋಡಿ. ಆಗ ಸ್ಟಾರ್ಟ್ ಆದರೆ ಕೀ ಒಳಗಿನ ಪುಟ್ಟ ಸೆಲ್ ಮುಗಿದಿದೆ ಅಷ್ಟೇ. ಇಷ್ಟಕ್ಕೇ ಹರಿಹರದಿಂದ ಟೋಯಿಂಗ್ ಮಾಡಿಸಿಕೊಂಡು ಬಂದವರಿದ್ದಾರೆ.

ಮನೆಯಲ್ಲಿ ಒಂದು ಮಲ್ಟಿಮೀಟರ್ ಇಟ್ಟುಕೊಳ್ಳಿ. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ. 12.2 ಅಂದರೆ ಸುಮಾರು ಅರ್ಧ. 12ಕ್ಕಿಂತ ಕೆಳಗೆ ಅಂದರೆ ಖಾಲಿ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿಗೆ ಶಕ್ತಿ ಇಲ್ಲ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5 ಇರಬೇಕು. ಹೊಸ ಗಾಡಿಗಳಲ್ಲಿ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರನ್ನು ಕಂಪ್ಯೂಟರ್ ನಡೆಸುವುದರಿಂದ ಇದು ಮೇಲೆ ಕೆಳಗೆ ಆಡುತ್ತದೆ, ಅದಕ್ಕೆ ಗಾಬರಿ ಬೇಡ.

ಬ್ಯಾಟರಿ ಹೊಸದು, ಆದರೂ ಮೂರು ದಿನ ನಿಲ್ಲಿಸಿದರೆ ಇಳಿಯುತ್ತದೆ ಅನ್ನುವವರಿಗೆ ನನ್ನ ಪ್ರಶ್ನೆ: ಆಮೇಲೆ ಏನೇನು ಹಾಕಿಸಿದ್ದೀರಿ? ಡ್ಯಾಶ್ ಕ್ಯಾಮೆರಾ, ಜಿಪಿಎಸ್ ಟ್ರ್ಯಾಕರ್, ಡಿಕ್ಕಿಯಲ್ಲಿ ಆಂಪ್ಲಿಫೈಯರ್. ಇವುಗಳ ವೈರನ್ನು ಯಾವಾಗಲೂ ಕರೆಂಟ್ ಇರುವ ಕಡೆಯಿಂದ ಎಳೆದಿರುತ್ತಾರೆ. ಗಾಡಿ ಲಾಕ್ ಮಾಡಿ ಅರ್ಧ ಮುಕ್ಕಾಲು ಗಂಟೆ ಬಿಟ್ಟರೆ ಒಳಗಿನ ಕಂಪ್ಯೂಟರುಗಳೆಲ್ಲ ಮಲಗುತ್ತವೆ. ಆಗಲೂ 50 ಮಿಲಿ ಆಂಪಿಯರಿಗಿಂತ ಜಾಸ್ತಿ ಕರೆಂಟ್ ಹೋಗುತ್ತಿದ್ದರೆ ಯಾರೋ ಎಚ್ಚರ ಇದ್ದಾರೆ ಅಂತ ಲೆಕ್ಕ. ಒಂದೊಂದೇ ಫ್ಯೂಸ್ ನೋಡುತ್ತಾ ಹೋದರೆ ಕಳ್ಳ ಸಿಗುತ್ತಾನೆ. ನನ್ನ ಅನುಭವದಲ್ಲಿ ಹತ್ತರಲ್ಲಿ ಏಳು ಸಲ ಕಳ್ಳ ಹೊರಗಿನಿಂದ ಹಾಕಿಸಿದ್ದೇ ಆಗಿರುತ್ತಾನೆ.

ಸಿಗ್ನಲ್‌ನಲ್ಲಿ ತಾನೇ ಆಫ್ ಆಗಿ ತಾನೇ ಸ್ಟಾರ್ಟ್ ಆಗುವ ಗಾಡಿಗೆ ಮಾಮೂಲಿ ಬ್ಯಾಟರಿ ಹಾಕಿಸಬೇಡಿ. ಪದೇ ಪದೇ ಸ್ಟಾರ್ಟ್ ಆಗುವುದನ್ನು ತಡೆದುಕೊಳ್ಳುವ ಇಎಫ್‌ಬಿ ಇಲ್ಲವೇ ಎಜಿಎಂ ಜಾತಿಯದ್ದು ಯಾವುದು ಇತ್ತೋ ಅದೇ ಬೇಕು. ಅಂದ ಹಾಗೆ, ಈ ಸ್ಟಾರ್ಟ್ ಸ್ಟಾಪ್ ಕೆಲಸ ಮಾಡುತ್ತಿಲ್ಲ ಅಂತ ಬರುವವರೂ ಇದ್ದಾರೆ. ಬಿಸಿಲಿಗೆ ಏಸಿ ಜೋರಾಗಿ ಓಡುತ್ತಿದ್ದರೆ, ಎಂಜಿನ್ ಇನ್ನೂ ಬಿಸಿಯಾಗದಿದ್ದರೆ, ಬ್ಯಾಟರಿ ಸ್ವಲ್ಪ ಇಳಿದಿದ್ದರೆ ಅದು ಬೇಕಂತಲೇ ಸುಮ್ಮನಿರುತ್ತದೆ. ರಿಪೇರಿ ಏನೂ ಇಲ್ಲ, ಮನೆಗೆ ಹೋಗಿ.

ನಾಲ್ಕು ದೀಪ ಒಟ್ಟಿಗೆ ಹತ್ತಿದರೆ

ಎಬಿಎಸ್, ಸ್ಟೆಬಿಲಿಟಿ, ಹಿಲ್ ಹೋಲ್ಡ್, ಟೈರ್ ಪ್ರೆಶರ್. ಬೆಳಿಗ್ಗೆ ಗಾಡಿ ತೆಗೆದರೆ ಎಲ್ಲ ದೀಪಾವಳಿ. ನಾಲ್ಕು ದೀಪ ಅಂದರೆ ನಾಲ್ಕು ದೋಷ ಅಲ್ಲ. ಚಕ್ರದ ಸ್ಪೀಡ್ ಸೆನ್ಸಾರಿನ ಒಂದು ವೈರು ತುಂಡಾದರೂ ಬಹಳ ಗಾಡಿಗಳಲ್ಲಿ ಇಷ್ಟೂ ಹತ್ತಬಹುದು, ಅವು ಅದೇ ಲೆಕ್ಕವನ್ನು ನಂಬಿಕೊಂಡಿರುವುದರಿಂದ. ವೈರು ತುಂಡು ಮಾಡುವವರು ಯಾರು? ಇಲಿ. ಮೆಕ್ಕೆಜೋಳದ ಗೋಡೌನ್, ಎಪಿಎಂಸಿ ಆಸುಪಾಸು ಗಾಡಿ ನಿಲ್ಲಿಸುವವರು ಈ ಕೆಲಸಕ್ಕೆ ನನ್ನ ಖಾಯಂ ಗಿರಾಕಿಗಳು. ಬಾನೆಟ್ ಎತ್ತಿದಾಗ ಬ್ಯಾಟರಿ ಪಕ್ಕ ಜೋಳದ ಕಾಳು, ಸಿಪ್ಪೆ, ಹಿಕ್ಕೆ ಕಂಡರೆ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕುವ ಮೊದಲೇ ವೈರು ಸವರುತ್ತಾ ಹೋಗಿ.

ತುಂಡಾದ ವೈರನ್ನು ಹುರಿ ಮಾಡಿ ಟೇಪ್ ಸುತ್ತುವ ರಿಪೇರಿ ಒಂದು ಮಳೆಗಾಲ ತಡೆಯುವುದಿಲ್ಲ. ಬೆಸುಗೆ ಹಾಕಿ, ಮೇಲೆ ಹೀಟ್ ಶ್ರಿಂಕ್ ಕೊಳವೆ ಹಾಕಿಸಿ. ಹೊಗೆಸೊಪ್ಪು ಕಟ್ಟಿದರೆ ಇಲಿ ಬರಲ್ಲ ಅಂತಾರೆ. ಘಾಟು ಇರುವವರೆಗೆ ನಿಜ ಇರಬಹುದು. ಎಂಜಿನ್ ಬಿಸಿಗೆ ಅದು ಒಣಗಿ ತರಗೆಲೆಯಾದ ಮೇಲೆ ಇಲಿಗೆ ಗೂಡಿನ ಸಾಮಾನು ಒದಗಿಸಿದ ಹಾಗಾಗುತ್ತದೆ. ಗಾಡಿಯೊಳಗೆ ತಿಂಡಿ ಉಳಿಸಬೇಡಿ, ನಿಲ್ಲಿಸುವ ಜಾಗ ಬದಲಿಸಿ.

ಹಳದಿ ಎಂಜಿನ್ ದೀಪದ್ದು ಬೇರೆ ಲೆಕ್ಕ. ಅದು ಸುಮ್ಮನೆ ಹತ್ತಿಕೊಂಡಿದ್ದರೆ ನಿಧಾನವಾಗಿ ಓಡಿಸಿಕೊಂಡು ಬಂದು ತೋರಿಸಬಹುದು. ಮಿಣಮಿಣ ಮಿನುಗುತ್ತಿದ್ದರೆ ಸಿಲಿಂಡರ್ ಒಂದು ಸರಿಯಾಗಿ ಉರಿಯುತ್ತಿಲ್ಲ, ಉರಿಯದ ಪೆಟ್ರೋಲು ಸೈಲೆನ್ಸರಿನಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುತ್ತಿದೆ. ಆಗ ಬದಿಗೆ ನಿಲ್ಲಿಸಿ. ಸ್ಕ್ಯಾನರ್ ಕೊಡುವ ಕೋಡ್ ನೋಡಿ ನೇರ ಪಾರ್ಟ್ ತರುವುದು ನಮ್ಮ ಕಸುಬಿನ ದೊಡ್ಡ ಕೆಟ್ಟ ಚಾಳಿ. ಪಿ0171 ಅಂದರೆ ಗಾಳಿಗೆ ಹೋಲಿಸಿದರೆ ಇಂಧನ ಕಮ್ಮಿ ಅಂತ ಅಷ್ಟೇ. ಆಕ್ಸಿಜನ್ ಸೆನ್ಸಾರ್ ಹೋಗಿದೆ ಅಂತ ಅಲ್ಲ. ಏರ್ ಫಿಲ್ಟರಿನ ಆಚೆ ರಬ್ಬರ್ ಪೈಪ್ ಬಿರಿದು ಕಳ್ಳಗಾಳಿ ಎಳೆಯುತ್ತಿದ್ದರೂ ಅದೇ ಕೋಡು. ಕೋಡು ಓಣಿ ತೋರಿಸುತ್ತದೆ, ಮನೆ ನಾವು ಹುಡುಕಬೇಕು.

ಸುಟ್ಟ ವಾಸನೆ

ಇದನ್ನು ಚಿತ್ರದುರ್ಗ, ಹೊಳಲ್ಕೆರೆ, ಹಿರಿಯೂರು ಕಡೆ ಓಡಾಡುವವರು ದಯವಿಟ್ಟು ಓದಿ. ಸುಗ್ಗಿಯಲ್ಲಿ ಹಳ್ಳಿ ರಸ್ತೆ ಮೇಲೆ ಹುರುಳಿ ಹಾಸಿರುತ್ತಾರೆ, ವಾಹನ ಓಡಿ ಒಕ್ಕಣೆ ಆಗಲಿ ಅಂತ. ಬಳ್ಳಿ ಉದ್ದ, ಒಣಗಿರುತ್ತದೆ. ಮುಂದಿನ ಚಕ್ರಕ್ಕೆ ಹೋಗುವ ಆಕ್ಸಲಿಗೆ ನೂಲು ಸುತ್ತಿದ ಹಾಗೆ ಸುತ್ತಿಕೊಳ್ಳುತ್ತದೆ. ಪಕ್ಕದಲ್ಲೇ ಕಾದ ಸೈಲೆನ್ಸರ್ ಪೈಪು. ಗಾಡಿ ಎತ್ತರ ಇದೆ, ಏನಾಗಲ್ಲ ಅನ್ನುವ ಧೈರ್ಯ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಹೀಗೇ ಹೊತ್ತಿಕೊಂಡು ಸುಟ್ಟುಹೋದ ಕಾರುಗಳಿವೆ.

ಒಕ್ಕಣೆ ಮೇಲೆ ಹೋಗದೆ ಬೇರೆ ದಾರಿ ಇಲ್ಲದಿದ್ದರೆ ನಿಧಾನ ಹೋಗಿ. ದಾಟಿದ ಮೇಲೆ ಬರಿ ನೆಲ ನೋಡಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಬಗ್ಗಿ ನೋಡಿ. ಸುತ್ತಿಕೊಂಡಿದ್ದರೆ ಕೋಲಿನಿಂದ ಎಳೆದು ತೆಗೆಯಿರಿ. ಹೊಗೆ ಬರುತ್ತಿದ್ದರೆ ಮೊದಲು ಮಕ್ಕಳನ್ನು ಇಳಿಸಿ ದೂರ ಕಳಿಸಿ. ಬಾನೆಟ್ ಪೂರ್ತಿ ಎತ್ತಬೇಡಿ, ಒಮ್ಮೆಲೇ ಗಾಳಿ ನುಗ್ಗಿದರೆ ಬೆಂಕಿ ಮುಖಕ್ಕೇ ಬರುತ್ತದೆ.

ಡೀಸೆಲ್ ಗಾಡಿಯವರಿಗೆ ಇನ್ನೂ ಒಂದು ಮಾತು. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 (ಹೊಗೆ ಮಿತಿಯ ನಿಯಮ) ಡೀಸೆಲ್‌ಗಳಲ್ಲಿ ಮಸಿ ಹಿಡಿಯುವ ಡಿಪಿಎಫ್ ಅನ್ನುವ ಫಿಲ್ಟರ್ ಇದೆ. ತುಂಬಿದ ಮಸಿಯನ್ನು ಅದು ತಾನೇ ಸುಟ್ಟುಕೊಳ್ಳುತ್ತದೆ. ಆಗ ಒಳಗಿನ ಬಿಸಿ 600 ಡಿಗ್ರಿ ಮುಟ್ಟುತ್ತದೆ. ಅಂಥ ಹೊತ್ತಿನಲ್ಲಿ ಒಣ ಹುಲ್ಲಿನ ಮೇಲೆ ನಿಲ್ಲಿಸಬಾರದು. ನಿಲ್ಲಿಸಿದ ಮೇಲೂ ಫ್ಯಾನ್ ಗುಂಯ್‌ಗುಡುತ್ತಿದೆ, ಕಾದ ಕಬ್ಬಿಣದ ವಾಸನೆ ಬರುತ್ತಿದೆ ಅಂದರೆ ಸುಡುವ ಕೆಲಸ ಅರ್ಧಕ್ಕೆ ನಿಂತಿದೆ ಅಂತ.

ಪಿ.ಜೆ. ಬಡಾವಣೆಯಿಂದ ಸ್ಕೂಲಿಗೆ, ಸ್ಕೂಲಿಂದ ಮನೆಗೆ, ದಿನಕ್ಕೆ ನಾಲ್ಕು ಕಿಲೋಮೀಟರ್ ಓಡುವ ಡೀಸೆಲ್ ಗಾಡಿಗೆ ಈ ಫಿಲ್ಟರ್ ಕಟ್ಟುವುದು ಖಂಡಿತ. ಎಂಜಿನ್ ಬಿಸಿಯಾಗುವಷ್ಟರಲ್ಲಿ ಸ್ಕೂಲೇ ಬಂದಿರುತ್ತೆ, ಅಲ್ವಾ? ಡಿಪಿಎಫ್ ದೀಪ ಹತ್ತಿದ ದಿನವೇ ಚಿತ್ರದುರ್ಗದ ಕಡೆ ಹೈವೇಗೆ ಹತ್ತಿಸಿ, 60ರಿಂದ 80ರ ವೇಗದಲ್ಲಿ, ಎಂಜಿನ್ 2,000 ಸುತ್ತಿನ ಮೇಲಿರುವಂತೆ, 20 ನಿಮಿಷ ನಿಲ್ಲಿಸದೆ ಓಡಿಸಿ. ಬಹಳ ಸಲ ಅಷ್ಟರಲ್ಲೇ ದೀಪ ಆರುತ್ತದೆ. ಆರದಿದ್ದರೆ ಸ್ಕ್ಯಾನರಿನಿಂದ ಸುಡಿಸಬೇಕು. ತಿಂಗಳುಗಟ್ಟಲೆ ದೀಪ ಹೊತ್ತುಕೊಂಡೇ ಓಡಿಸಿದವರು ಡಿಪ್‌ಸ್ಟಿಕ್ ಎಳೆದು ನೋಡಲಿ. ಆಯಿಲ್ ಕಮ್ಮಿ ಆಗುವ ಬದಲು ಏರಿದ್ದರೆ ಅದಕ್ಕೆ ಡೀಸೆಲ್ ಸೇರಿದೆ, ತಕ್ಷಣ ಬದಲಿಸಿ. ಊರೊಳಗೇ ಓಡಾಡುವವರು ಡೀಸೆಲ್ ಯಾಕೆ ತಗೊಂಡರೋ ಅನ್ನೋದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಇರಲಿ.

ಮುಂದೆ ಕಟಕಟ, ಕೆಳಗೆ ಗುಂಯ್

ಸದ್ದಿನ ದೂರು ಬಂದರೆ ನಾನು ಕೂರುವುದು ಡ್ರೈವರ್ ಪಕ್ಕ, ಬಾಯಿ ಮುಚ್ಚಿಕೊಂಡು, ಕಿಟಕಿ ಇಳಿಸಿಕೊಂಡು. ಸಣ್ಣ ಸಣ್ಣ ಗುಂಡಿಯಲ್ಲಿ ನಿಧಾನಕ್ಕೆ ಹೋಗುವಾಗ ಮುಂದೆ ಕಟಕಟ ಅಂದರೆ ಗಾಡಿ ವಾಲದಂತೆ ತಡೆಯುವ ಸ್ಟೆಬಿಲೈಜರಿನ ಲಿಂಕ್ ರಾಡ್ ಅಥವಾ ಬುಷ್ ಮೇಲೆ ಮೊದಲ ಅನುಮಾನ. ಕಮ್ಮಿ ಖರ್ಚಿನ ಪಾರ್ಟು, ಇದರ ಬದಲು ಪೂರ್ತಿ ಶಾಕ್ ಅಬ್ಸಾರ್ಬರ್ ಬದಲಿಸಿಕೊಂಡವರನ್ನು ನೋಡಿದ್ದೇನೆ. ಸ್ಟೇರಿಂಗ್ ಪೂರ್ತಿ ತಿರುಗಿಸಿ ಮುಂದೆ ಹೋದಾಗ ಟಕಟಕಟಕ ಅಂದರೆ ಆಕ್ಸಲಿನ ತುದಿಯ ಸಿವಿ ಜಾಯಿಂಟು. ಅದರ ರಬ್ಬರ್ ಬೂಟ್ ಹರಿದು ಗ್ರೀಸ್ ಚಕ್ರದ ಒಳಮೈಗೆ ಚಿಮ್ಮಿರುತ್ತದೆ, ಬಗ್ಗಿದರೆ ಕಾಣುತ್ತದೆ.

ವೇಗದ ಜೊತೆ ಏರುವ ಗುಂಯ್ ಸದ್ದು ಟೈರಿನದ್ದೋ ವೀಲ್ ಬೇರಿಂಗಿನದ್ದೋ? ಹೈವೇ ಖಾಲಿ ಇದ್ದಾಗ ಸ್ಟೇರಿಂಗ್ ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ಮಾಡಿ. ಎಡಕ್ಕೆ ಹೋದಾಗ ಸದ್ದು ಜಾಸ್ತಿಯಾದರೆ ಭಾರ ಬಿದ್ದ ಬಲಗಡೆ ಬೇರಿಂಗ್ ಸವೆದಿದೆ. ಬದಲಾಗದಿದ್ದರೆ ಹಿಂದಿನ ಟೈರನ್ನು ಮುಂದಕ್ಕೆ ಹಾಕಿಸಿ. ಸದ್ದು ಜಾಗ ಬದಲಿಸಿದರೆ ಟೈರೇ ಅಪರಾಧಿ.

80ರ ವೇಗದಲ್ಲಿ ಬ್ರೇಕ್ ಒತ್ತಿದಾಗ ಮಾತ್ರ ಸ್ಟೇರಿಂಗ್ ನಡುಗಿದರೆ ಮುಂದಿನ ಡಿಸ್ಕ್. ಬ್ರೇಕ್ ಒತ್ತದೆಯೂ ನಡುಗಿದರೆ ವೀಲ್ ಬ್ಯಾಲೆನ್ಸಿಂಗ್. ಮಳೆ ಬಂದ ಮಾರನೇ ದಿನ ಮೊದಲ ಎರಡು ಮೂರು ಬ್ರೇಕಿಗೆ ಕಿರ್ ಅನ್ನುವುದು ಡಿಸ್ಕ್ ಮೇಲಿನ ತುಕ್ಕು, ತಾನೇ ಹೋಗುತ್ತದೆ.

ಚಿಲ್ಲರೆ ದೂರುಗಳು

ಕ್ಲಚ್ ಪೆಡಲ್ ಇಲ್ಲದ ಡಿಸಿಟಿ ಗಾಡಿಯನ್ನು ಏರಿನಲ್ಲಿ ಆಕ್ಸಿಲರೇಟರ್ ಒತ್ತಿ ನಿಲ್ಲಿಸಿಕೊಳ್ಳಬೇಡಿ. ಪೆಡಲ್ ಇಲ್ಲ ಅಷ್ಟೇ, ಒಳಗೆ ಕ್ಲಚ್ ಎರಡಿವೆ, ಅವು ಉಜ್ಜಿ ಕಾಯುತ್ತವೆ. ಬಿಸಿಯಾಗಿದೆ ಅಂತ ಸ್ಕ್ರೀನಿನಲ್ಲಿ ಬಂದರೆ ಬದಿಗೆ ಹಾಕಿ, ಪಿ ಗೇರಿಗೆ ಹಾಕಿ, ತಣ್ಣಗಾಗಲು ಬಿಡಿ.

ಸನ್‌ರೂಫ್ ಗಾಡಿಯಲ್ಲಿ ಮಳೆ ನೀರು ಒಳಗಿನ ಲೈಟಿನ ಹತ್ತಿರ ತೊಟ್ಟಿಕ್ಕಿದರೆ ಗಾಜಿನ ರಬ್ಬರನ್ನು ಬೈಯಬೇಡಿ. ರಬ್ಬರ್ ದಾಟಿ ಬಂದ ನೀರನ್ನು ಕೆಳಗಿಳಿಸಲು ಮೂಲೆಗಳಲ್ಲಿ ಸಣ್ಣ ಕೊಳವೆಗಳಿವೆ. ಬೇವಿನ ಹೂವು, ಧೂಳು ಸೇರಿ ಅವು ಕಟ್ಟುತ್ತವೆ. ಮೂಲೆಗೆ ಒಂದು ಲೋಟ ನೀರು ಹುಯ್ಯಿರಿ. ಮುಂದಿನ ಚಕ್ರದ ಹತ್ತಿರ ಬಂದರೆ ಸರಿ, ಬಾರದಿದ್ದರೆ ಮೆತ್ತನೆಯ ನೈಲಾನ್ ದಾರ ತೂರಿಸಿ. ಏರ್ ಗನ್ ಬೇಡ, ಕೊಳವೆ ಒಳಗೇ ಕಳಚಿಕೊಂಡರೆ ಇಡೀ ಮೇಲ್ಛಾವಣಿ ಬಿಚ್ಚಬೇಕು.

ಮೈಲೇಜ್ ಬಿತ್ತು ಅನ್ನುವವರು ಡಿಸ್‌ಪ್ಲೇ ನಂಬದೆ ಟ್ಯಾಂಕ್ ಫುಲ್ ಮಾಡಿ, ಓಡಿಸಿ, ಮತ್ತೆ ಅದೇ ಬಂಕಿನಲ್ಲಿ ಫುಲ್ ಮಾಡಿ ಲೆಕ್ಕ ಹಾಕಿ. ಈಗ ಪೆಟ್ರೋಲಿಗೆ ಬೆರೆಸುವ ಎಥನಾಲಿನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗದಷ್ಟು ಶಕ್ತಿ ಕಮ್ಮಿ. ನೂರಕ್ಕೆ 20 ಬೆರೆತಾಗ ಸ್ವಲ್ಪ ಬೀಳುವುದು ಸಹಜ. ತುಂಬಾ ಬಿದ್ದರೆ ಟೈರ್ ಗಾಳಿ, ಏರ್ ಫಿಲ್ಟರ್, ಹಿಡಿದುಕೊಂಡ ಬ್ರೇಕ್ ನೋಡಿ.

ಸ್ಕ್ರೀನ್ ಹ್ಯಾಂಗ್ ಆದರೆ ಪವರ್ ಬಟನ್ನನ್ನು ಹತ್ತು ಹದಿನೈದು ಸೆಕೆಂಡ್ ಒತ್ತಿ ಹಿಡಿಯಿರಿ. ಫೋನ್ ಕನೆಕ್ಟ್ ಆಗದಿದ್ದರೆ ಕೇಬಲ್ ಬದಲಿಸಿ.

ಕೊನೆಗೆ ಒಂದು ಕೇಸು. ಹಿಂದೆ ಯಾರೂ ಕೂತಿಲ್ಲದಿದ್ದರೂ ಸೀಟ್ ಬೆಲ್ಟ್ ಎಚ್ಚರಿಕೆ ಟಿಣ್‌ಟಿಣ್ ಅನ್ನುತ್ತದೆ ಅಂತ ಅಕ್ಕ ಒಬ್ಬರು ಬಂದರು. "ವೈರಿಂಗ್ ಎಲ್ಲ ಬಿಚ್ಚಬೇಕಂತಲ್ಲಣ್ಣ?" ಅಂದರು, ಮುಖ ಸಪ್ಪಗೆ. ಯಾವಾಗಿಂದ ಅಂತ ಕೇಳಿದೆ. ಭಾನುವಾರ ಕೊಂಡಜ್ಜಿಗೆ ಹೋಗಿ ಬಂದಾಗಿನಿಂದ. ದಾರಿಯಲ್ಲಿ ಏನು ತಿಂದಿರಿ ಅಂದೆ. ನಕ್ಕರು. ಬಕಲಿನೊಳಗೆ ಟಾರ್ಚ್ ಬಿಟ್ಟರೆ ಖಾರ ಮಂಡಕ್ಕಿಯ ಅರ್ಧ ಹುರಿಗಡಲೆ, ಸ್ವಿಚ್ಚಿನ ನಾಲಿಗೆಯನ್ನು ಒತ್ತಿಕೊಂಡು ಕೂತಿತ್ತು. ಚಿಮಟದಲ್ಲಿ ತೆಗೆದೆ. ಟಿಣ್‌ಟಿಣ್ ನಿಂತಿತು. ದುಡ್ಡು ಬೇಡ ಅಂದಿದ್ದಕ್ಕೆ ಸಂಜೆ ಮಗನ ಕೈಲಿ ಒಂದು ಪೊಟ್ಟಣ ಮಂಡಕ್ಕಿ, ನಾಲ್ಕು ಮಿರ್ಚಿ ಕಳಿಸಿದ್ದರು. ಗಾಡಿಯಿಂದ ದೂರ ಕೂತು ತಿಂದೆವು.